ದಂಡಿನಫಡಿ

ನವನಗರ, ಬಾಗಲಕೋಟೆ
18 ನವೆಂಬರ್ 2024

ಚಿ. ಮೃಣಾಲಿನಿಗೆ, ಆಶೀರ್ವಾದಗಳು.

ನಾಲ್ಕು ವರ್ಷಗಳ ನಂತರ ಬರೆಯುತ್ತಿದ್ದೇನೆ. ನಿನ್ನ ಅವ್ವ ಸಂಜೆ ನಿನಗೆ ಫೋನು ಮಾಡುವಾಗ ನಾನು ಪಡಸಾಲೆಯಲ್ಲೇ ಇರುತ್ತೇನೆ. ಮೊನ್ನೆ ಫೋನನ್ನು ನನ್ನ ಮುಂದೆ ಹಿಡಿದಳು. ನಾನು ತೆಗೆದುಕೊಳ್ಳಲಿಲ್ಲ. ಫೋನಿನಲ್ಲಿ ನನಗೆ ಮಾತಿಗಿಂತ ಮೊದಲು ಸಿಟ್ಟು ಬರುತ್ತದೆ. ಕಾಗದದಲ್ಲಿ ಬರೆಯುವಷ್ಟರಲ್ಲಿ ಅದು ಆರುತ್ತದೆ. ನಿನಗೆ ಆರು ತಿಂಗಳೆಂದೂ ಪ್ರಯಾಣ ಕೂಡದೆಂದು ಡಾಕ್ಟರು ಹೇಳಿದ್ದಾರೆಂದೂ ಅವಳಿಂದ ತಿಳಿಯಿತು. ಡಾಕ್ಟರ ಮಾತು ಮೀರಬೇಡ.

ಗೌಸಸಾಬ ನಿನಗೆ ಗೊತ್ತಲ್ಲ, ನಮ್ಮ ಸಾಲೆಯ ಡ್ರಾಯಿಂಗ್ ಮಾಸ್ತರ. ಅವನೂ ನಿವೃತ್ತನಾದ. ಜಿಲ್ಲೆಯೊಳಗೆ ಕಂಪನಿ ಸರ್ಕಾರದ ದಂಡು ಎಲ್ಲೆಲ್ಲಿ ಕಾದಾಡಿತ್ತೋ ಆ ಜಾಗಗಳನ್ನೆಲ್ಲ ನೋಡಿ ಬರೋಣವೆಂದು ಅವನ ಹಳೆಯ ಕಾರಿನಲ್ಲಿ ಹೊರಟೆವು. ಆಯುಷ್ಯವೆಲ್ಲ ಹುಡುಗರಿಂದ ಪಾಣಿಪತದ ನಕಾಶೆ ಬರೆಸಿದವನು ನಾನು. ಸ್ವಂತ ಜಿಲ್ಲೆಯ ರಣಭೂಮಿಯಲ್ಲಿ ಕಾಲಿಟ್ಟಿರಲಿಲ್ಲ. ಕಲಾದಗಿಯಲ್ಲಿ ಚಿಕ್ಕು ತೋಟಗಳ ಆಚೆ ದಂಡಿನವರ ಗೋರಿಗಳನ್ನು ನೋಡಿದೆವು. ಬಾದಾಮಿಯಲ್ಲಿ ಜನವೆಲ್ಲ ಗುಹೆಗಳ ಕಡೆ ಹೋದರೆ ನಾವಿಬ್ಬರೇ ಎದುರಿನ ಕೋಟೆ ಹತ್ತಿ ಏದುಸಿರು ಬಿಟ್ಟೆವು. ಮರುದಿನ ಅಮೀನಗಡ ದಾಟಿ ಹುನಗುಂದದ ಕಡೆಗೆ ಹೋದೆವು.

ರಾಮಥಾಳದ ನೀರಾವರಿ ಪೈಪುಗಳನ್ನು ದಾಟಿ ಒಳಗೆ ಹೋದರೆ ಮಸರಿಗೇರಿ ಎಂಬ ಊರು. ಅದರ ಹಿಂದಿನ ಗುಡ್ಡದಲ್ಲಿ ದಂಡಿನಫಡಿ ಇದೆ. ಫಡಿ ಎಂದರೆ ಗುಹೆಯಲ್ಲ. ಮನೆಯ ಮುಂದೆ ಇಳಿಬಿಟ್ಟ ಚಪ್ಪರದ ಹಾಗೆ ಒಂದೇ ಬಂಡೆ ಮುಂದಕ್ಕೆ ಚಾಚಿದೆ. ಅದರ ಕೆಳಗೆ ಒಂದು ಸಾಲೆಯ ಮಕ್ಕಳೆಲ್ಲ ಕೂಡ್ರಬಹುದು. ಮುಂದೆ ಮನೆಗಾತ್ರದ ಬಂಡೆಗಳು ಮಗುಚಿ ಬಿದ್ದಿವೆ. ಗುಡ್ಡದ ಆಚೆ ಬದಿಗೆ ಜಲ್ಲಿ ಒಡೆಯುವ ಖಡಿ ಮಷಿನ್ ನಡೆಯುತ್ತದೆ, ಬಂಡೆ ಸೀಳಲು ಆಗಾಗ ಮದ್ದು ಹಾರಿಸುತ್ತಾರೆ.

ನಾವು ನೆರಳಿಗೆ ಕೂತು ಥರ್ಮಾಸಿನ ಚಹಾ ಬಗ್ಗಿಸಿಕೊಂಡಾಗ ಕಂಬಳಿ ಹೊದ್ದ ಹಿರಿಯರೊಬ್ಬರು ದೂರದಲ್ಲೇ ನಿಂತು ಕೂಗಿದರು.

“ನೆಳ್ಳಾಗ ಕುಂಡ್ರಬ್ಯಾಡ್ರಿ. ಈಚಿ ಬಿಸಲಿಗೆ ಬರ್ರಿ.”

“ಯಾಕ್ರಿ? ಹುಲಿ ಅದನೇನು?” ಅಂದೆ.

“ಹುಲಿ ಇಲ್ರಿ. ಕಂದಾಯದ ಪಟ್ಟಿ ಕೊಡೂದಿಲ್ಲಂತ ನಾಕ ಹಳ್ಳಿ ಮಂದಿ ಇದರಾಗ ಅಡಗಿದ್ರು. ಕಂಪನಿಯವರು ಆ ದಿನ್ನಿ ಮ್ಯಾಲಿಂದ ತೋಪು ಹಾರಿಸಿದ್ರು. ಒಬ್ಬರೂ ಹೊರಗ ಬರಲಿಲ್ಲ. ಸಂಜಿಮುಂದ ಇನ್ನಾ ಆ ತೋಪಿನ ಸಪ್ಪಳ ಕೇಳತೈತಿ.”

ಗೌಸಸಾಬ ನಕ್ಕ. ನಾನೂ ನಕ್ಕೆ. ಬಿಸಿಲು ಇಳಿಯುವ ಹೊತ್ತಿಗೆ ನಮ್ಮ ತಲೆಯ ಮೇಲೆ ಎಲ್ಲೋ ಠಣ್ ಎಂದಿತು. ಮಡಿಕೆ ಬಿರಿದಂಥ ಸದ್ದು. ನನ್ನ ಚಹಾದಲ್ಲಿ ಸಣ್ಣಗೆ ಮರಳು ಉದುರಿತು. ಆಮೇಲೆ ಇಬ್ಬರೂ ನಗಲಿಲ್ಲ.

ಆ ಹಿರಿಯರ ಹೆಸರು ಕೇಳಲಿಲ್ಲ. ಬರುವಾಗ ಇಳಕಲ್‌ನಲ್ಲಿ ಒಂದು ಸೀರೆ ತೆಗೆದುಕೊಂಡೆ. ನಿನ್ನ ಅವ್ವ ಉಡುವ ಬಣ್ಣವಲ್ಲ ಅದು.

ಇತಿ,
ಪಂಢರೀನಾಥ


ಬಳ್ಳಾರಿ
29 ನವೆಂಬರ್ 2024

ತೀರ್ಥರೂಪ ಅಪ್ಪನಿಗೆ ಮೃಣಾಲಿನಿಯ ನಮಸ್ಕಾರಗಳು.

ನಿಮ್ಮ ಅಕ್ಷರ ನೋಡಿ ಲಕೋಟೆ ಒಡೆಯಲು ಬಹಳ ಹೊತ್ತು ಬೇಕಾಯಿತು. ಬೀರೇಶ ಪಕ್ಕದಲ್ಲೇ ಇದ್ದರು. ಓದಿ ಅವರ ಕೈಗೆ ಕೊಟ್ಟೆ. ಮಸರಿಗೇರಿ ಎಂಬಲ್ಲಿಗೆ ಬಂದಾಗ ಕಾಗದ ಕೆಳಗಿಳಿಸಿ ನನ್ನ ಮುಖ ನೋಡಿದರು.

ಆ ಊರಿನ ಹೆಸರು ನಮ್ಮ ಮದುವೆಯ ಕಾರ್ಡಿನಲ್ಲಿತ್ತು, ಅಪ್ಪಾ. ನಿಮಗೂ ಒಂದು ಕಳಿಸಿದ್ದೆ. ನಿಮ್ಮನ್ನು ಬಿಸಿಲಿಗೆ ಕರೆದವರು ಬೀರೇಶರ ತಂದೆ ಅಮಸಿದ್ದಪ್ಪ, ನನ್ನ ಮಾವ. ಎಡಗಿವಿಯಲ್ಲಿ ಬೆಳ್ಳಿ ಮುರುವು ಇತ್ತೇ? ಹಾಗಾದರೆ ಅವರೇ. ನನ್ನ ಹತ್ತಿರದ ನಿಮ್ಮ ಫೋಟೋ ನೋಡಿದ್ದರಿಂದ ನೀವು ಯಾರೆಂದು ಅವರಿಗೆ ಅಂದೇ ಗೊತ್ತಾಗಿತ್ತಂತೆ. ನೀವು ಕೇಳದೆ ತಾವಾಗಿ ಹೇಳುವುದು ಚೆನ್ನಲ್ಲವೆಂದು ಸುಮ್ಮನಾದರಂತೆ.

ಇನ್ನೊಂದು ಮಾತು. ನಾನಿಲ್ಲಿ ಮಾಡುವ ಕೆಲಸ ಏನೆಂದು ನೀವು ಯಾವತ್ತೂ ಕೇಳಲಿಲ್ಲ. ಗಣಿಯ ಗೋಡೆಗಳು ಕುಸಿಯುತ್ತವೆಯೇ ಎಂದು ಮೊದಲೇ ನೋಡಿ ಹೇಳುವುದು ನನ್ನ ಕೆಲಸ. ಆದ್ದರಿಂದ ಕೇಳುತ್ತೇನೆ. ಚಹಾದಲ್ಲಿ ಬಿದ್ದ ಮರಳು ಹಳೆಯ ಧೂಳಿನ ಬಣ್ಣದ್ದೋ, ಬಿಳಿಯದೋ? ಫಡಿಯ ನೆತ್ತಿಯ ಮೇಲೆ ಹಿಂಬದಿಗೆ ಉದ್ದನೆಯ ಬಿರುಕು ಏನಾದರೂ ಇದೆಯೇ? ಖಡಿ ಮಷಿನ್‌ನವರು ಮದ್ದು ಹಾರಿಸಿದಾಗ ಕಾಲ ಕೆಳಗೆ ಅದುರುತ್ತದೆಯೇ?

ನಾನು ಆ ಜಾಗ ಕಂಡಿಲ್ಲ. ನನ್ನ ಉತ್ತರ ಬರುವವರೆಗೆ ಅದರ ಕೆಳಗೆ ಕೂಡ್ರಬೇಡಿ. ಸೀರೆಯ ಬಣ್ಣ ಯಾವುದೆಂದು ಬರೆಯಲಿಲ್ಲ.

ನಿಮ್ಮ
ಮೃಣಾಲಿನಿ


ನವನಗರ, ಬಾಗಲಕೋಟೆ
20 ಡಿಸೆಂಬರ್ 2024

ಚಿ. ಮೃಣಾಲಿನಿಗೆ, ಆಶೀರ್ವಾದಗಳು.

ಉತ್ತರ ತಡವಾಯಿತು. ಮತ್ತೆ ಮತ್ತೆ ಮಸರಿಗೇರಿಗೆ ಹೋಗಿ ಬರುವುದರಲ್ಲೇ ದಿನಗಳು ಹೋದವು. ದಂಗೆ ಎದ್ದ ಹಲಗಲಿಯ ಬೇಡರ ಹೆಸರು ಎಲ್ಲರಿಗೂ ಗೊತ್ತಿದೆ. ಇಲ್ಲಿ ಸತ್ತವರ ಹೆಸರು ಹೇಳುವವರಿಲ್ಲ, ಇಸವಿ ಬರೆದಿಟ್ಟವರಿಲ್ಲ. ಇದು ನನ್ನ ಮನಸ್ಸಿಗೆ ಬಹಳ ಹತ್ತಿದೆ. ಪಂಚಾಯಿತಿ ಅಧ್ಯಕ್ಷ ಯಮನಪ್ಪ ಚುರುಕಿನ ಮನುಷ್ಯ. ಜನವರಿ ಇಪ್ಪತ್ತಾರಕ್ಕೆ ಫಡಿಯೊಳಗೆ ಒಂದು ಸ್ಮಾರಕದ ಕಲ್ಲು ನಿಲ್ಲಿಸುವುದು, ಸುತ್ತಲಿನ ಸಾಲೆಗಳ ಮಕ್ಕಳನ್ನು ಅಲ್ಲಿಯೇ ಕೂಡಿಸಿ ಝೆಂಡಾ ಹಾರಿಸುವುದು ಎಂದು ನಿಶ್ಚಯವಾಗಿದೆ. ಭಾಷಣ ನನ್ನದು. ಕಲ್ಲು ಕೆತ್ತಿಸಿ ಕೊಡುವವರು ಖಡಿ ಮಷಿನ್‌ನವರು.

ನಿನ್ನ ಪ್ರಶ್ನೆಗಳಿಗೆ: ಮರಳು ಬಿಳಿಯದು, ಹಿಟ್ಟಿನಂತೆ. ಬಿರುಕು ಇದೆ. ಅಮಸಿದ್ದಪ್ಪನವರು ನನ್ನನ್ನು ಹಿಂಬದಿಯಿಂದ ನೆತ್ತಿಗೆ ಹತ್ತಿಸಿ ತೋರಿಸಿದರು. ಫಡಿಯ ಈ ತುದಿಯಿಂದ ಆ ತುದಿಗೆ ಎಳೆದ ಗೆರೆಯಂತಿದೆ. ಅವರ ಕೈಯ ಕೋಲು ಅದರಲ್ಲಿ ಇಳಿಯುತ್ತದೆ.

“ಹೋದ ವರ್ಸ ಇದರಾಗ ಕೋಲು ಇಳೀತಿದ್ದಿಲ್ರಿ ಮಾಸ್ತರ,” ಅಂದರು. “ಮತ್ತೊಂದು ನೋಡ್ರಿ. ಮಟಮಟ ಮಧ್ಯಾಹ್ನ ಕುರಿ ಎಲ್ಲಾ ಫಡಿಯೊಳಗ ಮಲಗತಿದ್ವು. ದೀಪಾವಳಿ ಆದಮ್ಯಾಗ ಒಂದೂ ಒಳಗ ಹೊಕ್ಕಿಲ್ಲ. ಹೊಡದ್ರೂ ಹೋಗೂದಿಲ್ಲ.”

ಸತ್ತವರ ನೆನಪು ಮೂಕ ಪ್ರಾಣಿಗಳಿಗೂ ಇರುತ್ತದೆ ಅಂದೆ. ಈ ಮಾತನ್ನು ಭಾಷಣದಲ್ಲಿ ಸೇರಿಸಬೇಕೆಂದಿದ್ದೇನೆ. ಅವರು ಬಿರುಕಿನಿಂದ ಕೋಲು ಎಳೆದುಕೊಂಡು ಕೆಳಗಿಳಿಯತೊಡಗಿದರು.

ಅವರ ಮನೆಯ ತನಕ ಹೋದೆ. ಕಟ್ಟೆಯ ಮೇಲೆ ಕೂತೆ. ನಿನ್ನ ಅತ್ತೆ ರಂಗವ್ವ ತಾಟಿನಲ್ಲಿ ರೊಟ್ಟಿ, ಶೇಂಗಾ ಹಿಂಡಿ ತಂದರು. ಅಂದು ನನಗೆ ಉಪವಾಸವಿತ್ತು.

ಇತಿ,
ಪಂಢರೀನಾಥ


ಬಳ್ಳಾರಿ
28 ಡಿಸೆಂಬರ್ 2024

ಅಪ್ಪಾ,

ನಿನ್ನೆ ಅವ್ವನ ಫೋನಿನಲ್ಲಿ ನಿಮ್ಮೊಡನೆ ಮಾತಾಡಬೇಕೆಂದೆ. ನೀವು ಎದ್ದು ಹೊರಗೆ ಹೋದಿರೆಂದು ಅವಳು ಹೇಳಿದಳು. ಆದ್ದರಿಂದ ಬರೆಯುತ್ತಿದ್ದೇನೆ. ಸಿಟ್ಟು ಮಾಡಿಕೊಳ್ಳಿ, ಆದರೆ ಕೊನೆಯವರೆಗೆ ಓದಿ.

ಅದು ತೋಪಿನ ಸಪ್ಪಳವಲ್ಲ. ಫಡಿಯ ಚಾವಣಿ ಗುಡ್ಡದಿಂದ ಬಿಡುತ್ತಿದೆ. ಹಗಲು ಕಾದು ಹಿಗ್ಗಿದ ಬಂಡೆ ಸಂಜೆ ತಣ್ಣಗಾಗಿ ಕುಗ್ಗುತ್ತದೆ. ಆಗ ಬಿರುಕು ಕೂದಲೆಳೆಯಷ್ಟು ಮುಂದೆ ಹೋಗುತ್ತದೆ. ಆಚೆ ಬದಿಯ ಮದ್ದು ಅದನ್ನು ಬುಡದಿಂದ ಅಲುಗಿಸುತ್ತಿದೆ. ಬಿಳಿ ಮರಳು ಎಂದರೆ ಒಳಗೆ ಈಗತಾನೆ ಅರೆದು ಬಂದದ್ದು. ಕುರಿಗಳ ಕಾಲಿಗೆ ಅದು ನಮಗಿಂತ ಮೊದಲು ತಿಳಿದಿದೆ.

ಮುಂದೆ ಮಗುಚಿ ಬಿದ್ದ ಬಂಡೆಗಳ ಬಗ್ಗೆ ರಾತ್ರಿಯೆಲ್ಲ ಯೋಚಿಸಿದೆ. ಅಂದಿನ ತೋಪುಗಳ ಗುಂಡು ಮನೆಗಾತ್ರದ ಬಂಡೆಯನ್ನು ಒಡೆಯುವುದಿಲ್ಲ. ಆದರೆ ಅದಾಗಲೇ ಬಿರಿದಿದ್ದ ಚಾವಣಿಯನ್ನು ಕೆಡವಲು ಅದರ ಅದುರು ಸಾಕಿತ್ತು. ಆ ಜನ ಗುಂಡಿನಿಂದ ಸತ್ತಿರಲಾರರು, ಅಪ್ಪಾ. ತಮ್ಮನ್ನು ಕಾಯುತ್ತದೆಂದು ನಂಬಿದ ಕಲ್ಲಿನ ಕೆಳಗೆ ಸತ್ತರು. ಅವರು ಇನ್ನೂ ಅಲ್ಲೇ ಇರಬೇಕು. ನೀವು ಮಕ್ಕಳನ್ನು ಕೂಡಿಸಹೊರಟಿರುವುದು ಅವರ ಪಕ್ಕದಲ್ಲಿ, ಉಳಿದ ಅರ್ಧ ಚಾವಣಿಯ ಕೆಳಗೆ.

ಎಂದು ಬೀಳುತ್ತದೆ ಎಂದು ನಾನು ಹೇಳಲಾರೆ. ನಾಳೆಯೂ ಆಗಬಹುದು, ಹತ್ತು ವರ್ಷವೂ ಆಗಬಹುದು. ಯಾರಿಂದಲೂ ಹೇಳಲಾಗದು. ಆದರೆ ಒಂದು ಪರೀಕ್ಷೆ ಇದೆ. ಬಿರುಕಿನ ಮೇಲೆ ಅಡ್ಡಲಾಗಿ ಸಿಮೆಂಟಿನ ಪಟ್ಟಿ ಮೆತ್ತಿಸಿ. ಕಲ್ಲು ಸುಮ್ಮನಿದ್ದರೆ ಪಟ್ಟಿಯೂ ಸುಮ್ಮನಿರುತ್ತದೆ. ಬೀರೇಶ ತಮ್ಮ ತಂದೆಗೆ ಫೋನಿನಲ್ಲಿ ಹೇಳಿದ್ದಾರೆ, ಮೆತ್ತುತ್ತಾರೆ. ನೀವು ಹೋಗಿ ಕಣ್ಣಾರೆ ನೋಡಿ, ಅಷ್ಟೇ ಸಾಕು. ನಾನೇ ಬರುತ್ತಿದ್ದೆ. ಈ ಸ್ಥಿತಿಯಲ್ಲಿ ನನ್ನನ್ನು ಯಾರೂ ಬಿಡುವುದಿಲ್ಲ.

ನಿಮ್ಮ
ಮೃಣಾಲಿನಿ


ನವನಗರ, ಬಾಗಲಕೋಟೆ
9 ಜನವರಿ 2025

ಮೃಣಾಲಿನಿ,

ಆ ಮದುವೆ ಬೇಡವೆಂದು ನಾನು ಹೇಳಿದಾಗ ನೀನು ಕೇಳಲಿಲ್ಲ. ಈಗ ನೀನು ಬೇಡ ಎನ್ನುತ್ತೀ, ನಾನು ಕೇಳಬೇಕು.

ಆಮಂತ್ರಣ ಪತ್ರಿಕೆ ಅಚ್ಚಾಗಿದೆ. ಆರು ಸಾಲೆಗಳಿಗೆ ಹಂಚಿದ್ದಾಗಿದೆ. ಗುಡ್ಡ ಇನ್ನೂರು ವರ್ಷದಿಂದ ನಿಂತಿದೆ, ನನ್ನ ಭಾಷಣದ ದಿನವೇ ಬೀಳುತ್ತದೆಯೇ? ಗೌಸಸಾಬನನ್ನು ಕೇಳಿದೆ. ಅವನು ಕಾರಿನ ಗಾಜು ಒರೆಸುತ್ತ ನಿಂತ.

ಅಮಸಿದ್ದಪ್ಪನವರು ಸಿಮೆಂಟು ಮೆತ್ತಿದ್ದಾರಂತೆ. ನಾನು ನೋಡಲು ಹೋಗಿಲ್ಲ.

ಪಂಢರೀನಾಥ


ಮಸರಿಗೇರಿ
20 ಜನವರಿ 2025

ಚಿ. ಸೌ. ಮೃಣಾಲಿನಿಗೆ, ಅನೇಕ ಆಶೀರ್ವಾದಗಳು.

ಇದನ್ನು ನಿನ್ನ ಮಾವನ ಮನೆಯ ಪಡಸಾಲೆಯಲ್ಲಿ ಕೂತು ಬರೆಯುತ್ತಿದ್ದೇನೆ.

ನಿನ್ನೆ ಮುಂಜಾನೆ ಗೌಸಸಾಬ ತಾನಾಗಿ ಮನೆಗೆ ಬಂದ. “ಪಂಢರಿ, ನಡಿ. ನೋಡಿ ಬರೂಣು. ಏನೂ ಆಗಿಲ್ಲಂದ್ರ ನಿನ್ನ ಮಗಳಿಗೆ ನಾನ ಬರೀತೇನಿ, ನಿಮ್ಮಪ್ಪನ ಮಾತು ಖರೆ ಆತವಾ ಅಂತ,” ಅಂದ. ನೆತ್ತಿಗೆ ಹತ್ತಿದೆವು. ಅಮಸಿದ್ದಪ್ಪನವರು ಮೂರು ಕಡೆ ಸಿಮೆಂಟು ಮೆತ್ತಿದ್ದರು. ಮೂರೂ ನಡುವೆ ಸೀಳಿದ್ದವು. ಒಂದರ ಸಂದಿನಲ್ಲಿ ನನ್ನ ಬೆರಳು ಹೋಯಿತು. ಬೆರಳಿಟ್ಟಾಗ ಒಳಗಿನಿಂದ ತಣ್ಣನೆಯ ಗಾಳಿ ಬಂತು. ಬಾವಿಯ ಮೇಲೆ ಬಗ್ಗಿದಂತಾಯಿತು. ಅಮಸಿದ್ದಪ್ಪನವರು ತೋಳು ಹಿಡಿದು ಇಳಿಸಿದರು.

ಮನೆಗೆ ಬಂದಾಗ ರಂಗವ್ವ ನನ್ನ ಮುಖ ನೋಡಿದರು. “ಬೀಗರು ಹಸದಾರ, ನೀರ ಕೊಡ್ರಿ ಕೈಗೆ,” ಎಂದು ಒಳಗೆ ಹೋದರು. ಊಟ ಮಾಡಿದೆ. ಎರಡನೆಯ ಸಲವೂ ಹಾಕಿಸಿಕೊಂಡೆ.

ಸಂಜೆ ಎಲ್ಲರೂ ಯಮನಪ್ಪನ ಹತ್ತಿರ ಹೋದೆವು. ಖಡಿ ಮಷಿನ್‌ನವರೂ ಅಲ್ಲೇ ಕೂತಿದ್ದರು.

“ಮಾಸ್ತರ, ಪೆಂಡಾಲ್ ಹೇಳಿ ಆಗೇತಿ, ಶಾಸಕರು ಬರ್ತಾರ. ಈಗ ಗುಡ್ಡ ಬೀಳತೈತಿ ಅಂದ್ರ ನನ್ನ ಮಾರಿ ಏನಾಗಬೇಕು?” ಅಂದ ಯಮನಪ್ಪ.

“ಮಕ್ಕಳ ಮಾರಿ ನೋಡ್ರಿ ಮೊದಲ,” ಅಂದೆ.

ಖಡಿ ಮಷಿನ್‌ನವ ಮೆಲ್ಲಗೆ ಅಮಸಿದ್ದಪ್ಪನವರಿಗೆ ಹೇಳಿದ. “ಕಾಕಾ, ಊರಾಗ ಎಷ್ಟ ಮನಿ ನಮ್ಮ ಮಷಿನ್ ಮ್ಯಾಲ ಉಣ್ಣಾಕತ್ತಾವ ಗೊತ್ತೈತಿಲ್ಲ? ಮದ್ದಿನಿಂದ ಗುಡ್ಡ ಸೀಳೇತಿ ಅಂತ ನಿಮ್ಮ ಸೊಸಿ ಹೇಳಿದ್ರ, ಅವರು ನಿಮ್ಮನ್ನ ಸುಮ್ನ ಬಿಡೂದಿಲ್ಲ.”

ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

ತಾಲೂಕು ಕಚೇರಿಗೆ ಅರ್ಜಿ ಕೊಟ್ಟೆವು. ಪರಿಶೀಲಿಸುತ್ತೇವೆ ಎಂದರು. ಇನ್ನು ಉಳಿದದ್ದು ಒಂದೇ. ಇಪ್ಪತ್ತಾರರಂದು ಹಾದಿಗೆ ಅಡ್ಡ ನಿಲ್ಲುತ್ತೇವೆ. ಬೀರೇಶನನ್ನು ಕಳಿಸಬೇಡ. ಅವನು ನಿನ್ನ ಹತ್ತಿರ ಇರಲಿ.

ನಿನ್ನ ಅಪ್ಪ


ನವನಗರ, ಬಾಗಲಕೋಟೆ
28 ಜನವರಿ 2025

ಚಿ. ಸೌ. ಮೃಣಾಲಿನಿಗೆ,

ಬೀಳಲಿಲ್ಲ.

ಗೌಸಸಾಬ ಕಾರನ್ನು ಬಂಡಿದಾರಿಗೆ ಅಡ್ಡ ನಿಲ್ಲಿಸಿ ಕೀಲಿಯನ್ನು ಜೇಬಿಗೆ ಹಾಕಿಕೊಂಡ. ಅವನ ಮುಂದೆ ನಾನು, ನನ್ನ ಮುಂದೆ ಅಮಸಿದ್ದಪ್ಪನವರು ಕೋಲು ಹಿಡಿದು ನಿಂತೆವು. ಸಾಲೆಯ ಮಕ್ಕಳು ಸಾಲಾಗಿ ಬಂದರು, ಕೈಯಲ್ಲಿ ಕಾಗದದ ಝೆಂಡಾ. ಶಿಕ್ಷಕಿಯೊಬ್ಬಳು ನನ್ನ ಹಳೆಯ ವಿದ್ಯಾರ್ಥಿನಿ ಲಲಿತಾ. ನನ್ನ ಮುಖ ನೋಡಿ, “ಸರ್, ಖರೇನ ಅಪಾಯ ಅದ ಏನ್ರಿ?” ಎಂದು ಕೇಳಿದಳು. ಹೌದೆಂದೆ. ಅವಳು ಮಕ್ಕಳನ್ನು ತಿರುಗಿಸಿ ಊರ ಸಾಲೆಯ ಬಯಲಿಗೆ ಕರೆದುಕೊಂಡು ಹೋದಳು. ಉಳಿದ ಸಾಲೆಯವರೂ ಹಿಂದೆ ಹೋದರು.

ಮಕ್ಕಳನ್ನು ತಪ್ಪಿಸಿದಂತಾಯಿತು. ಆದರೆ ದೊಡ್ಡವರು ನಮ್ಮನ್ನು ಸರಿಸಿ ಹತ್ತಿದರು. ಕಲ್ಲು ನಿಲ್ಲಿಸಿದರು, ಝೆಂಡಾ ಹಾರಿಸಿದರು, ಜೈ ಎಂದರು. ಆ ಜೈಕಾರ ಚಾವಣಿಗೆ ತಾಗಿ ಮರಳಿ ಬರುವಾಗ ನಾನು ಕಣ್ಣು ಮುಚ್ಚಿದೆ. ಇಳಿದು ಬಂದ ಯಮನಪ್ಪನ ಟೊಪ್ಪಿಗೆಯ ಮೇಲೆ ಬಿಳಿ ಪುಡಿ ಇತ್ತು. ಅವನಿಗದು ಗೊತ್ತಿರಲಿಲ್ಲ.

“ಏನ್ರಿ ಮಾಸ್ತರ, ಬಿತ್ತೇನ್ರಿ ನಿಮ್ಮ ಗುಡ್ಡ?”

ಎಲ್ಲರೂ ನಕ್ಕರು. ಯಾರೋ ನಮ್ಮ ಮೂವರ ಫೋಟೋ ತೆಗೆದು ಊರೂರಿಗೆ ಕಳಿಸಿದ್ದಾರೆ. ನಿನ್ನೆಯಿಂದಲೇ ಇಳಕಲ್ಲಿನಿಂದ, ಹುನಗುಂದದಿಂದ ಜನ ಕಾರು ಮಾಡಿಕೊಂಡು ಬರುತ್ತಿದ್ದಾರಂತೆ, ಬೀಳದ ಗುಡ್ಡ ನೋಡಲು. ನಾನು ಯಾರೂ ಕಾಣದ ಜಾಗವನ್ನು ಜನರಿಗೆ ಕಾಣಿಸಹೋದೆ. ಕಾಣಿಸಿತು.

ಅಮಸಿದ್ದಪ್ಪನವರ ಕುರಿಗಳನ್ನು ಗೊಬ್ಬರಕ್ಕೆಂದು ರಾತ್ರಿ ತಮ್ಮ ಹೊಲದಲ್ಲಿ ತರುಬಲು ಯಾರೂ ಕರೆಯುತ್ತಿಲ್ಲ. ಅವರು ಅದನ್ನು ನನಗೆ ಹೇಳಲಿಲ್ಲ. ರಂಗವ್ವ ನಿನ್ನ ಅವ್ವನಿಗೆ ಫೋನಿನಲ್ಲಿ ಹೇಳಿದರು.

ನಿನ್ನ ಅಪ್ಪ


ಬಳ್ಳಾರಿ
25 ಫೆಬ್ರುವರಿ 2025

ಅಪ್ಪಾ,

ಅವ್ವ ಇಲ್ಲಿದ್ದಾಳೆ, ಮಗುವಿಗೆ ಎಣ್ಣೆ ಹಚ್ಚುತ್ತಿದ್ದಾಳೆ. ನಿಮ್ಮ ಮೊಮ್ಮಗನಿಗೆ ಮೂಗು ನಿಮ್ಮದೇ ಎಂದು ಅವಳ ಹಟ. ಮಾವ ಬಂದು ಕರಿ ಕಂಬಳಿ ಹೊದಿಸಿ ಹೋದರು. ರಾತ್ರಿ ಉಳಿಯಿರಿ ಎಂದರೆ ಕೇಳಲಿಲ್ಲ.

“ನಾಳಿ ರವಿವಾರವಾ. ಮಂದಿ ಬರ್ತಾರ. ನಾ ಅಲ್ಲಿರಬೇಕು,” ಅಂದರು.

ಅವರು ದಿನಾ ಫಡಿಯ ಹಾದಿಯಲ್ಲಿ ಬೇವಿನ ಗಿಡದ ಕೆಳಗೆ ಕೂಡ್ರುತ್ತಾರಂತೆ, ಬಂದವರನ್ನು ತಿರುಗಿಸಿ ಕಳಿಸುತ್ತಾರಂತೆ. ಕೆಲವರು ಕೇಳುತ್ತಾರೆ, ಕೆಲವರು ಬೈದು ಹತ್ತುತ್ತಾರೆ. ನೀವು ವಾರಕ್ಕೆರಡು ದಿನ ಹೋಗಿ ಜೊತೆಗೆ ಕೂಡ್ರುವುದನ್ನೂ ಅವರೇ ಹೇಳಿದರು. ನೀವು ನನಗೆ ಬರೆದಿರಲಿಲ್ಲ.

ಜನವರಿಯಲ್ಲಿ ಬೀಳಲಿಲ್ಲ ಎಂದರೆ ಬೀಳುವುದಿಲ್ಲ ಎಂದಲ್ಲ. ಬೇಸಿಗೆ ಬರುತ್ತಿದೆ. ಬಿಸಿಲಿನ ಮೇಲೆ ಅಕಾಲದ ಒಂದು ಅಡ್ಡಮಳೆ ಸುರಿದರೆ ಬಿರುಕಿಗೆ ನೀರು ಇಳಿಯುತ್ತದೆ. ನನಗೆ ಭಯ ಅದರದ್ದೇ. ಜಿಲ್ಲಾ ಕಚೇರಿಗೆ ವರದಿ ಕಳಿಸಿದ್ದೇನೆ. ಹಾದಿಗೆ ಬೇಲಿ ಹಾಕಿಸುವವರೆಗೆ ನೀವಿಬ್ಬರೂ ಕೆಳಗಿನ ಬೇವಿನ ಗಿಡದಿಂದ ಮೇಲೆ ಹೋಗಬೇಡಿ. ಯಾರೇ ಹೋಗಲಿ, ನೀವು ಹೋಗಬೇಡಿ. ಕೂಗಿ ಕರೆಯಿರಿ, ಅಷ್ಟೇ.

ಹೋಳಿ ಹಬ್ಬಕ್ಕೆ ಬನ್ನಿ, ಮಗುವನ್ನು ನೋಡಿ. ತೊಟ್ಟಿಲ ಕಾರ್ಯ ಬಸವ ಜಯಂತಿಗೆ ಇಟ್ಟುಕೊಳ್ಳೋಣ ಎಂದು ಬೀರೇಶ ಹೇಳುತ್ತಾರೆ.

ನಿಮ್ಮ
ಮೃಣಾಲಿನಿ


ಬಳ್ಳಾರಿ
29 ಏಪ್ರಿಲ್ 2025

ಅಪ್ಪಾ,

ಬೀರೇಶ ಊರಿಗೆ ಹೋದವರು ಫೋನು ಎತ್ತುತ್ತಿಲ್ಲ. ನೀವು ಎತ್ತಿದರೂ ‘ಆಮೇಲೆ’ ಎನ್ನುತ್ತೀರಿ. ಅತ್ತೆಯ ದನಿ ಕೇಳಲು ನನಗೇ ಧೈರ್ಯವಿಲ್ಲ.

ಫಡಿ ಕುಸಿದ ಮೇಲೆ ಜೆಸಿಬಿ ಬಂದು ನಿಂತಾಗ ಅಧಿಕಾರಿಗಳು ನನಗೆ ಫೋನು ಮಾಡಿದರು. ಉಳಿದ ಬಂಡೆಯ ಚಿತ್ರ ಕಳಿಸಿದರು. ಕೆಳಗೆ ಯಂತ್ರ ಬಿಡಬಹುದೇ ಎಂದು ಕೇಳಿದರು. ಬಿಡಬೇಡಿ ಎಂದೆ. ಬಂಡೆಯ ಕೆಳಗಿದ್ದವರು ನನ್ನ ಮಾವ. ಅವರನ್ನು ಹೊರಗೆ ತೆಗೆಯಬೇಡಿ ಎಂದವಳು ನಾನು. ಫೋನಿನಲ್ಲಿ ಬೀರೇಶರ ಉಸಿರು ಕೇಳಿಸುತ್ತಿತ್ತು. ಅವರು ಅಲ್ಲೇ ನಿಂತಿದ್ದರು.

ಅಲ್ಲಿ ನಡೆದದ್ದನ್ನೆಲ್ಲ ನನಗೆ ಬರೆಯಿರಿ. ಏನನ್ನೂ ಬಿಡಬೇಡಿ. ನಾಳೆ ತೊಟ್ಟಿಲ ಕಾರ್ಯವಿರಬೇಕಿತ್ತು.

ಮೃಣಾಲಿನಿ


ಮಸರಿಗೇರಿ
8 ಮೇ 2025

ಚಿ. ಸೌ. ಮೃಣಾಲಿನಿಗೆ,

ಬರೆಯಲು ಎರಡು ಸಲ ಕೂತೆ, ಎದ್ದೆ. ಇವತ್ತು ಮುಗಿಸುತ್ತೇನೆ.

ಫಡಿ ಬಿದ್ದ ಹಿಂದಿನ ರಾತ್ರಿ ಅಡ್ಡಮಳೆ ಜೋರಾಗಿ ಬಂದಿತ್ತು. ಬೆಳಿಗ್ಗೆ ಆಕಾಶ ತೊಳೆದಿಟ್ಟಂತೆ ಇತ್ತು. ನಾವಿಬ್ಬರೂ ಬೇವಿನ ಗಿಡದ ಕೆಳಗಿದ್ದೆವು. ಹಾದಿಯಲ್ಲಿ ಯಾರೂ ಬರಲಿಲ್ಲ. ಮಧ್ಯಾಹ್ನ ಮೇಲಿನಿಂದ ಮಗುವೊಂದರ ನಗು ಕೇಳಿತು. ಖಡಿ ಮಷಿನ್ ಕಡೆಯ ರಸ್ತೆಯಿಂದ ಒಂದು ಕುಟುಂಬ ಹತ್ತಿ ಬಂದಿತ್ತು. ಗಂಡ, ಹೆಂಡತಿ, ನಾಲ್ಕೈದು ವರ್ಷದ ಹುಡುಗಿ. ನಾನು ಬರೆಸಿದ ಕಲ್ಲಿನ ಮುಂದೆ ಹುಡುಗಿಯನ್ನು ನಿಲ್ಲಿಸಿ ಫೋಟೋ ತೆಗೆಯುತ್ತಿದ್ದರು.

ಇಬ್ಬರೂ ಕೂಗಿದೆವು. ಅವರು ಕೈಬೀಸಿದರು. ಅಷ್ಟರಲ್ಲಿ ಮೇಲೆ ಸದ್ದಾಯಿತು. ಒಂದಲ್ಲ, ಒಂದರ ಹಿಂದೆ ಒಂದು. ಒಣಕಟ್ಟಿಗೆ ಮುರಿದ ಹಾಗೆ.

“ಬೀಗರ, ನೀವು ಇಲ್ಲೇ ಇರ್ರಿ,” ಅಂದರು ನಿನ್ನ ಮಾವ. ನಾನು ಅವರ ಕಂಬಳಿ ಹಿಡಿದೆ. “ಮೃಣಾಲಿನಿ ಹೋಗಬ್ಯಾಡ ಅಂದಾಳ,” ಅಂದೆ.

“ಆಕಿ ಹೇಳಿದ್ದು ಖರೆ ಐತ್ರಿ. ಆದ್ರ ಕೂಸೈತಲ್ಲ,” ಅಂದರು. ಕಂಬಳಿ ನನ್ನ ಕೈಯಲ್ಲಿ ಉಳಿಯಿತು.

ಆ ವಯಸ್ಸಿನಲ್ಲಿ ಹಾಗೆ ಓಡಿದವರನ್ನು ನಾನು ನೋಡಿಲ್ಲ. ಮಾತಾಡಲು ನಿಲ್ಲಲಿಲ್ಲ. ಹುಡುಗಿಯನ್ನು ಎತ್ತಿಕೊಂಡು ಹೊರಗೆ ನಡೆದರು. ಕಳ್ಳನೆಂದು ತಿಳಿದು ತಂದೆ ತಾಯಿ ಚೀರುತ್ತ ಬೆನ್ನು ಹತ್ತಿದರು. ಬಂಡೆಗಳ ಈಚೆ ಹುಡುಗಿಯನ್ನು ತಾಯಿಯ ಕೈಗೆ ಕೊಟ್ಟರು. ಆ ಗಂಡಸು ಬಿಟ್ಟು ಬಂದ ಚೀಲಕ್ಕಾಗಿ ತಿರುಗಿ ಒಳಗೆ ಓಡಿದ. ನಿನ್ನ ಮಾವ ಮತ್ತೆ ಹೋದರು. ಅವನ ಅಂಗಿ ಹಿಡಿದು ಜಗ್ಗಿ ಹೊರಗೆ ನೂಕಿದ್ದನ್ನು ನೋಡಿದೆ. ಅವನು ಮುಗ್ಗರಿಸಿ ಬಿಸಿಲಿಗೆ ಬಿದ್ದ.

ಮೊದಲು ಬಂದದ್ದು ಗಾಳಿ. ನನ್ನನ್ನು ನೆಲಕ್ಕೆ ಒಗೆಯಿತು. ಸದ್ದು ಆಮೇಲೆ. ಕಣ್ಣು ಬಿಟ್ಟಾಗ ಗುಡ್ಡದ ಮುಖ ಬೇರೆಯಾಗಿತ್ತು. ಬಿಳಿ ಪುಡಿ ಬಹಳ ಹೊತ್ತು ಇಳಿಯುತ್ತಲೇ ಇತ್ತು. ನಾನು ಹೆಸರು ಹಿಡಿದು ಕೂಗಿದೆ. ಅಷ್ಟು ದಿನವೂ ಅವರನ್ನು ಹೆಸರು ಹಿಡಿದು ಕರೆದಿರಲಿಲ್ಲ.

ಆ ಕುಟುಂಬ ಕಾರು ಹತ್ತಿ ಹೋಯಿತು. ಯಾರೆಂದು ಗೊತ್ತಿಲ್ಲ. ಹುಡುಗಿ ಹಿಂದಿನ ಗಾಜಿನಿಂದ ನೋಡುತ್ತಿದ್ದಳು.

ಇನ್ನು ಬೀರೇಶನ ವಿಷಯ. ನಿನ್ನ ಮಾತು ಕೇಳಿದ ಮೇಲೆ ಅವನು ಜೆಸಿಬಿಯವನ ಕೈಯಿಂದ ಕೀಲಿ ಕಸಿದುಕೊಂಡ, ತಾನೇ ನಡೆಸುತ್ತೇನೆಂದು. ರಂಗವ್ವ ಎದ್ದು ಹೋಗಿ ಅವನ ಮುಂದೆ ನಿಂತರು. “ಒಬ್ಬರು ಹ್ವಾದ್ರು, ಸಾಕು. ಹೆಂಗೂ ಮಣ್ಣಿಗೆ ಕೊಡೋ ಮಂದಿ ನಾವು. ಆಕಿ ಬ್ಯಾಡ ಅಂದಾಳ, ಬ್ಯಾಡ,” ಅಂದರು. ಅವನು ಕೀಲಿ ಕೊಟ್ಟ. ಅದೇ ಸಂಜೆ ಎಡಗಡೆಯ ಇನ್ನೊಂದು ತುಂಡು ಬಿತ್ತು. ಯಂತ್ರ ನಿಲ್ಲಬೇಕಿದ್ದ ಜಾಗದ ಮೇಲೆಯೇ ಬಿತ್ತು. ಬೀರೇಶ ಅದನ್ನು ನೋಡುತ್ತ ನಿಂತಿದ್ದ. “ನಾ ಅಲ್ಲಿರತಿದ್ದೆ,” ಎಂದ. ಅಂದಿನಿಂದ ಯಾರೊಡನೆಯೂ ಹೆಚ್ಚು ಮಾತಿಲ್ಲ. ಅವನಿಗೆ ನಿನ್ನ ಮೇಲೆ ಸಿಟ್ಟಿಲ್ಲ. ನಿನ್ನ ದನಿ ಕೇಳಿದರೆ ಅತ್ತುಬಿಡುತ್ತೇನೆಂದು ಫೋನು ಎತ್ತುವುದಿಲ್ಲ. ಮುಂದಿನ ಗುರುವಾರ ಹೊರಡುತ್ತಾನೆ. ಬಂದಾಗ ನೀನಾಗಿ ಏನೂ ಕೇಳಬೇಡ. ಮಗುವನ್ನು ಕೈಗೆ ಕೊಡು.

ಮಗುವಿಗೆ ಅಮಸಿದ್ದನೆಂದು ಹೆಸರಿಡೋಣವೆಂದು ನಾನೇ ರಂಗವ್ವನ ಮುಂದೆ ಹೇಳಿದೆ. ಅವರು ಕೈಯಲ್ಲಿದ್ದ ಮೊರ ಕೆಳಗಿಟ್ಟರು.

“ಬ್ಯಾಡ್ರಿ ಬೀಗರ. ಕಲ್ಲಿನ ಬುಡಕ ಹ್ವಾದ ಹೆಸರ ತೊಟ್ಟಲಾಗ ಬ್ಯಾಡ. ಆ ಕಲ್ಲು ಇನ್ನಾ ಹಸದೈತಿ.”

ಬಲಗಡೆಯ ಬಂಡೆ ಇನ್ನೂ ನಿಂತಿದೆ. ಇಂದು ಮುಂಜಾನೆ ಖಡಿ ಮಷಿನ್ ಮತ್ತೆ ಶುರುವಾಯಿತು. ಊರಿನ ಗಂಡಸರು ತಲೆ ತಗ್ಗಿಸಿಕೊಂಡು ಕೆಲಸಕ್ಕೆ ಹೋದರು. ಬೇಲಿ ಇನ್ನೂ ಬಂದಿಲ್ಲ. ನಾನು ಇಲ್ಲೇ ಉಳಿದಿದ್ದೇನೆ, ನಿನ್ನ ಅವ್ವನಿಗೆ ಹೇಳು. ಗೌಸಸಾಬ ಬಟ್ಟೆ, ಔಷಧಿ ತಂದುಕೊಟ್ಟಿದ್ದಾನೆ.

ಇಳಕಲ್ ರಸ್ತೆಯಲ್ಲಿ ಧೂಳು ಎದ್ದಿದೆ. ಒಂದು ಬಸ್ಸು ತುಂಬ ಜನ, ಈ ಕಡೆಗೇ ತಿರುಗುತ್ತಿದ್ದಾರೆ. ಏಳಬೇಕು.

ನಿನ್ನ ಅಪ್ಪ